ಕಂಬದ ಹಕ್ಕಿಗಳನ್ನು ಎಣಿಸಿದವರಿಗೆ

ಗಿರಿಧಾಮ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿ ಎಣಿಸಿರುವುದು ಹಕ್ಕಿಗಳನ್ನಲ್ಲ, ತನ್ನದೇ ಧ್ವನಿವರ್ಧಕಗಳನ್ನು. ಆ ಲೆಕ್ಕವನ್ನು ನಂಬಿಕೊಂಡು, ಬರುವ ವಾರ ನನ್ನ ಕ್ಲಿನಿಕ್ಕಿನ ಹಿಂದಿನ ಇಳಿಜಾರಿನ ಪೊದೆಗಳನ್ನೆಲ್ಲ ಸವರಿ ಕಾರು ನಿಲ್ಲಿಸಲು ಜಾಗ ಮಾಡಲು ಹೊರಟಿದ್ದೀರಿ. ದಯವಿಟ್ಟು ಮಾಡಬೇಡಿ. ವಿಷಯ ಇಷ್ಟೇ. ಇಷ್ಟಕ್ಕೇ ಕೆಲಸವಾಗುವ ಹಾಗಿದ್ದರೆ ನಾನು ಪತ್ರಿಕೆಗೆ ಬರೆಯಬೇಕಾಗಿರಲಿಲ್ಲ. ನಿಮ್ಮ ಕಚೇರಿಯ ಬಾಗಿಲಿಗೆ ಅಲೆದು ಚಪ್ಪಲಿ ಸವೆಸಿದ್ದೇ ಸಾಕಾಗುತ್ತಿತ್ತು.

ಓದುಗರಿಗಾಗಿ ಹಕ್ಕಿಯ ಪರಿಚಯ ಹೇಳಿಬಿಡುತ್ತೇನೆ. ನೋಡಿದರೆ ಯಾರೂ ಮರುಳಾಗುವಂಥದ್ದಲ್ಲ. ಇಲಿಯ ಬಣ್ಣ, ಹುಬ್ಬಿನ ಜಾಗದಲ್ಲೊಂದು ಬಿಳಿ ಗೆರೆ, ಸದಾ ನಿಮಿರಿಕೊಂಡಿರುವ ಗಿಡ್ಡ ಬಾಲ. ನಾವು ಪೊದೆಹಕ್ಕಿ ಎನ್ನುತ್ತೇವೆ. ಇಷ್ಟು ಎತ್ತರದ ಗುಡ್ಡದಲ್ಲಿ, ಗಾಳಿಗೆ ಕುಬ್ಜವಾಗಿ ಹೆಣೆದುಕೊಂಡ ಕುರುಚಲು ಕಾಡಿನಲ್ಲಿ ಮಾತ್ರ ಅದರ ಸಂಸಾರ. ಗುಡ್ಡ ಬಿಟ್ಟು ಬಯಲಿಗಿಳಿಯುವುದಿಲ್ಲ, ಹುಲ್ಲುಹಾಸಿಗೆ ಬರುವುದಿಲ್ಲ, ನೀವು ಕಟ್ಟಿಸಿದ ಸಿಮೆಂಟಿನ ನೀರುತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಹಾಡಿತೆಂದರೆ, ಅಷ್ಟು ಪುಟ್ಟ ಮೈಯೊಳಗೆ ಅಷ್ಟು ದೊಡ್ಡ ಗಂಟಲನ್ನು ಎಲ್ಲಿ ಬಚ್ಚಿಟ್ಟುಕೊಂಡಿದೆಯೋ ಎಂದು ಆಶ್ಚರ್ಯವಾಗುತ್ತದೆ. ನಾನು ದಂತವೈದ್ಯ. ನನ್ನ ಕುರ್ಚಿಯ ಪಕ್ಕದ ಕಿಟಕಿ ಆ ಇಳಿಜಾರಿನ ಕಡೆಗೇ ತೆರೆಯುತ್ತದೆ. ಸೂಜಿ ಕಂಡರೆ ಕುರ್ಚಿಯ ಕೈ ಹಿಡಿದು ಬೆವರುವವರು ಬೆಳಗಿನ ಹೊತ್ತು ಬಂದರೆ, ಆ ಹಾಡಿಗೆ ತಾವಾಗಿಯೇ ಭುಜ ಸಡಿಲಿಸುವುದನ್ನು ಕಂಡಿದ್ದೇನೆ. ಆ ಸೇವೆಗೆ ಹಕ್ಕಿ ಒಂದು ದಿನವೂ ಶುಲ್ಕ ಕೇಳಲಿಲ್ಲ.

ತೊಂದರೆ ಏನೆಂದರೆ, ಅದು ಹಾಡುವುದು ಬೆಳಗಿನಲ್ಲೊಂದಿಷ್ಟು, ಸಂಜೆಗೊಂದಿಷ್ಟು. ಕಚೇರಿಯ ವೇಳೆ ಅದಕ್ಕೆ ತಿಳಿಯದು. ದೂರದಿಂದ ಬಂದ ಪ್ರವಾಸಿಗರು ನಡುಮಧ್ಯಾಹ್ನ ನಿಂತು ಕಿವಿಗೊಟ್ಟು, ಏನೂ ಕೇಳದೆ ನಿಮ್ಮ ಮೇಲೆ ರೇಗಿದರು. ನೀವು ಕೈಕಟ್ಟಿ ಕೂರುವವರಲ್ಲ. ಹಸಿರು ಬಣ್ಣ ಬಳಿದ ಕಂಬಗಳನ್ನು ನೆಡಿಸಿ, ಅವುಗಳೊಳಗೆ ಧ್ವನಿವರ್ಧಕ ಕೂರಿಸಿ ಹಕ್ಕಿಯ ಹಾಡನ್ನೇ ತುಂಬಿಸಿದಿರಿ. ಈಗ ಪೊದೆಹಕ್ಕಿ ಹತ್ತಕ್ಕೆ ಹಾಜರಿ ಹಾಕಿ, ಮಧ್ಯಾಹ್ನ ಊಟಕ್ಕೆ ಬಿಡುವು ತೆಗೆದುಕೊಂಡು, ಐದಕ್ಕೆ ಬಾಗಿಲು ಹಾಕುತ್ತದೆ. ಇಷ್ಟು ಶಿಸ್ತಿನ ಸಿಬ್ಬಂದಿ ನಿಮ್ಮಲ್ಲಿ ಬೇರೆ ಯಾರಿದ್ದಾರೆ ಹೇಳಿ?

ನಿಜವಾದ ಹಕ್ಕಿಗೆ ಮಾತ್ರ ಇದು ಧ್ವನಿಮುದ್ರಣ ಎಂದು ಯಾರೂ ಹೇಳಲಿಲ್ಲ. ಅದರ ಪಾಲಿಗೆ ಈ ಹಾಡೆಂದರೆ ಇಷ್ಟೇ: ಇನ್ನೊಂದು ಗಂಡು ಬಂದು ತನ್ನ ಜಾಗಕ್ಕೆ ಕಾಲಿಟ್ಟಿದೆ. ಕಿಟಕಿಯ ಹೊರಗಿನ ಕಂಬದ ಮೇಲೆ ಎರಗಿ, ಕೊಕ್ಕಿನಿಂದ ಕುಕ್ಕಿ, ಜಗಳಕ್ಕೆ ಕರೆದು ಕರೆದು ಅದು ಸೋತಿತು. ಕಂಬ ಸೋಲಲಿಲ್ಲ. ಕಡೆಗೊಂದು ದಿನ ಹಕ್ಕಿ ಬರುವುದನ್ನೇ ನಿಲ್ಲಿಸಿತು. ನನಗೆ ಹೊಟ್ಟೆಯುರಿದದ್ದು ಆವತ್ತು.

ಅದಾದ ಮೇಲೆ ನಿಮ್ಮ ಗಣತಿ ಬಂತು. ಶಾಲೆಯ ಕೆಲಸದಿಂದ ನಿವೃತ್ತಳಾಗಿ ನನ್ನ ಜೊತೆಗಿರುವ ಅಕ್ಕ ಉತ್ಸಾಹದಿಂದ ಸ್ವಯಂಸೇವಕಿಯಾಗಿ ಹೋದಳು. ಗಣತಿಯೂ ಕಚೇರಿಯ ವೇಳೆಯಲ್ಲೇ ನಡೆಯಿತು. ಟೋಪಿ ಹಾಕಿದ್ದ ಮೇಲ್ವಿಚಾರಕರು ಕಂಬದ ಹತ್ತಿರ ನಿಂತು ಒಂದು ಹಕ್ಕಿ ಬರೆದುಕೊಂಡರಂತೆ.

"ಸ್ವಾಮಿ, ಹಾಡ್ತಿರೋದು ಕಂಬ" ಎಂದಳು ಅಕ್ಕ.

"ಕಂಬದ ಹಿಂದೆ ಎಲ್ಲೋ ಕೂತಿರುತ್ತೆ ಬಿಡಿ ಮೇಡಂ."

"ಹಿಂದೆ ಅಲ್ಲ, ಒಳಗೇ ಇದೆ. ಬೇಕಿದ್ರೆ ವೈರು ತೋರಿಸ್ಲಾ?"

"ಕಣ್ಣಿಗೆ ಕಾಣಬೇಕು ಅಂತೇನಿಲ್ಲ. ಹಾಡು ಕೇಳಿಸಿದ್ರೆ ಒಂದು ಅಂತ ಹಾಕ್ಕೊಳ್ಳಿ ಅಂತ ಆದೇಶ ಇದೆ. ಕೇಳಿಸ್ತಾ ಇದೆಯೋ ಇಲ್ವೋ ನೀವೇ ಹೇಳಿ."

ಕೇಳಿಸುತ್ತಿತ್ತು. ಅಕ್ಕ ಸುಳ್ಳು ಹೇಳುವವಳಲ್ಲ. ಹೀಗೆ ಕಂಬದಿಂದ ಕಂಬಕ್ಕೆ ಹಕ್ಕಿಗಳ ಸಂತಾನ ಬೆಳೆಯಿತು. 'ಕಚೇರಿಯ ಅವಿರತ ಶ್ರಮದಿಂದ ಸಂತತಿಯಲ್ಲಿ ಗಣನೀಯ ಏರಿಕೆ' ಎಂದು ನೀವು ಪ್ರಕಟಣೆ ಹೊರಡಿಸಿದಿರಿ. ಅದರ ಬೆನ್ನಿಗೇ, ಹಕ್ಕಿಗಳು ಇಷ್ಟೊಂದು ಇರುವಾಗ ಒಂದು ಇಳಿಜಾರು ಹೋದರೇನು ಎಂಬ ತರ್ಕವೂ ಬಂತು. ನಿಮ್ಮ ಶ್ರಮದ ಬಗ್ಗೆ ನನಗೆ ಅನುಮಾನವಿಲ್ಲ. ಕಂಬ ನೆಡುವುದು ಸುಲಭದ ಕೆಲಸವಲ್ಲ.

ಮಾನ್ಯರೇ, ನಕಲಿಯ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ಕಟ್ಟಿದ ಹಲ್ಲುಗಳಿಂದಲೇ ನನ್ನ ಮನೆ ನಡೆಯುತ್ತಿದೆ. ಆದರೆ ಕಟ್ಟಿದ ಹಲ್ಲನ್ನು ರೋಗಿಯ ಸ್ವಂತ ಹಲ್ಲಿನ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ಸೆಟ್ಟು ತುಂಬಾ ಚೆನ್ನಾಗಿ ಕೂತಿದೆ, ಇನ್ನು ಉಳಿದ ಹಲ್ಲೇಕೆ ಎಂದು ಇಕ್ಕಳ ಎತ್ತಿಕೊಳ್ಳುವುದೂ ಇಲ್ಲ. ಹಾಗೆ ಮಾಡಿದರೆ ನನ್ನ ಪರವಾನಗಿ ಹೋಗುತ್ತದೆ. ನಿಮಗೆ ಬಡ್ತಿ ಬರಬಹುದು ಎಂದು ಊರಲ್ಲಿ ಮಾತಿದೆ.

ಇದನ್ನೆಲ್ಲ ಹೇಳಲು ಬಂದಾಗ ನಿಮ್ಮ ಗುಮಾಸ್ತರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಹಕ್ಕಿ ಅಲ್ಲೇ ಇದೆ, ಆದ್ರೆ ಒಂದೇ ಇದೆ ಅಂತೀರಿ. ಕೇಳಿದವರು ಯಾರಾದ್ರೂ ಇದ್ದಾರಾ ಡಾಕ್ಟ್ರೇ?" ಇದ್ದಾರೆ. ರೋಗಿಯ ಬಾಯಿಯೊಳಗಿನ ವಿಷಯ ಹೊರಗೆ ಹೇಳಬಾರದೆಂಬುದು ನಮ್ಮ ವೃತ್ತಿಯ ನಿಯಮ. ಕಿವಿಯ ಬಗ್ಗೆ ಅಂಥ ನಿಯಮವಿಲ್ಲ, ಕಿವಿ ನಮ್ಮ ಇಲಾಖೆಯೂ ಅಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಹೋದ ತಿಂಗಳು ಮಂಜು ಕವಿದ ಆ ಮಧ್ಯಾಹ್ನ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದವರು ನೀವು.

ಕರೆಂಟು ಹೋಯಿತು. ನನ್ನ ಡ್ರಿಲ್ ನಿಂತಿತು, ಹೊರಗಿನ ಕಂಬಗಳೂ ಬಾಯಿ ಮುಚ್ಚಿದವು. ಮಂಜಿನ ಕತ್ತಲೆಗೆ ಸಂಜೆಯಾಯಿತೆಂದುಕೊಂಡಿತೋ ಏನೋ, ಇಳಿಜಾರಿನ ತೀರಾ ಕೆಳಗಿನಿಂದ ಹಕ್ಕಿ ಹಾಡಿತು. ನಾನು ಏನೋ ಹೇಳಲು ಹೋದೆ. ನೀವು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಿರಿ.

"ಇದು ನಮ್ದಲ್ಲ, ಅಲ್ವಾ?" ಎಂದಿರಿ, ಮರಗಟ್ಟಿದ ನಾಲಿಗೆಯಲ್ಲಿ.

"ಅಲ್ಲ ಸಾರ್. ಇದು ಅದರದ್ದೇ."

ಅದು ಮತ್ತೆ ಹಾಡಿತು, ನಿಲ್ಲಿಸಿತು, ಕಾಯಿತು. ಮತ್ತೆ ಹಾಡಿತು. ನೀವು ತಲೆ ಎತ್ತಿ ಕೇಳಿದಿರಿ: "ಇನ್ನೊಂದು ಹಕ್ಕಿ ಉತ್ರ ಕೊಡಲ್ವಾ?"

ಅಷ್ಟರಲ್ಲಿ ಕರೆಂಟು ಬಂತು. ಉತ್ತರ ಕೊಟ್ಟದ್ದು ನಿಮ್ಮ ಕಂಬ.

ಆ ಕ್ಷಣ ನಿಮ್ಮ ಮುಖ ನೋಡಿ ನನಗೆ ಆಸೆ ಹುಟ್ಟಿತ್ತು. ಅದರ ಮರುವಾರವೇ ಪೊದೆ ಕಡಿಯುವ ಆದೇಶಕ್ಕೆ ಸಹಿ ಬಿತ್ತು. ಓದದೆ ಹಾಕಿದ ಸಹಿಯೇ? ಹಾಗೆಂದೇ ನಂಬಲು ನಾನು ಪ್ರಯತ್ನಿಸುತ್ತಿದ್ದೇನೆ. ನಂಬಿಕೆ ಕೂರುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶವನ್ನು ತಡೆಹಿಡಿಯಿರಿ. ಧ್ವನಿವರ್ಧಕಗಳನ್ನು ನಿಲ್ಲಿಸಿ, ಒಂದು ಬೆಳಗ್ಗೆ ಊರವರ ಜೊತೆ ಇಳಿಜಾರಿನಲ್ಲಿ ನಿಂತು ಮರುಗಣತಿ ಮಾಡಿಸಿ. ನಿಮ್ಮ ವರದಿಯಲ್ಲಿರುವಷ್ಟು ಹಕ್ಕಿಗಳು ಹಾಡಿದರೆ, ಕತ್ತಿ ಹಿಡಿದು ಮೊದಲ ಪೊದೆಯನ್ನು ನಾನೇ ಕಡಿಯುತ್ತೇನೆ. ಅಲ್ಲಿಯವರೆಗೆ, ಆ ಇಳಿಜಾರಿನಲ್ಲಿ ಇನ್ನೂ ಒಂದು ಜೀವ ಉಳಿದಿದೆ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಒಬ್ಬರೇ. ಅವರು ಬಾಯಿ ಬಿಡಬೇಕು.

ಇಂತಿ,
ಈ ಪತ್ರದಿಂದ ಒಬ್ಬ ರೋಗಿಯನ್ನು ಕಳೆದುಕೊಳ್ಳಲಿರುವ
ಗುಡ್ಡದ ಮೇಲಿನ ದಂತವೈದ್ಯ