ಬಾಯಿಗೆ ಬಾರದ ಹೆಸರು

ಏನ್ರಿ,

ಪಂಚಾಯಿತಿ ಕಟ್ಟೆಯ ಮೇಲಿದ್ದ ಸರ್ಕಾರದ ಟಿ.ವಿ.ಯನ್ನು ಕೊಟ್ಟ ಅವಧಿ ಮುಗಿಯಿತೆಂದು ಇಂದು ಮಧ್ಯಾಹ್ನ ಜೀಪಿನಲ್ಲಿ ಹೊತ್ತೊಯ್ದರು. ನಮ್ಮ ಕಾಖಂಡಕಿಗೆ ಇನ್ನು ಸಂಜೆ ಅದರಲ್ಲಿ ಬರುತ್ತಿದ್ದ ಪೊಲೀಸರ ಕಥೆ ಇಲ್ಲ. ಮುಂಬಯಿಯ ಬೀದಿಯಲ್ಲೇ ತೆಗೆದ ಆ ಕಥೆಯಲ್ಲಿ ಊರೆಲ್ಲ ಕಳ್ಳನನ್ನು ನೋಡುತ್ತಿತ್ತು. ನಾನು ಅವನ ಹಿಂದೆ ಸುಮ್ಮನೆ ನಡೆದುಹೋಗುವವರನ್ನು ನೋಡುತ್ತಿದ್ದೆ. ಮುಂಬಯಿಗೆ ಹೋದ ನೀವು ಒಂದು ವಿಳಾಸವನ್ನೂ ತಿಳಿಸಲಿಲ್ಲವಲ್ಲ.

ಒಂದು ಸಂಜೆ ಆ ಕಥೆಯ ಇನ್ಸ್‌ಪೆಕ್ಟರನ ಬೆನ್ನ ಹಿಂದೆ, ಚಹಾದಂಗಡಿಯ ಮುಂದೆ ನೀವು ಎಡಗೈಯಿಂದ ಟೊಪ್ಪಿಗೆ ಸರಿಮಾಡಿಕೊಂಡಿರಿ. "ಅವ್ರು, ಅವ್ರು" ಎಂದು ಎದ್ದು ನಿಂತೆ. ಪಕ್ಕದ ಮನೆಯ ರಾಚವ್ವ "ಯಾರಬೇ?" ಎಂದು ತಿರುಗುವಷ್ಟರಲ್ಲಿ ಬೇರೆ ಬೀದಿ ಬಂದಿತ್ತು. ಯಾರೂ ನಂಬಲಿಲ್ಲ.

ಇಂದು ಜೀಪಿನವನನ್ನು ಬೇಡಿಕೊಂಡೆ. "ಯಪ್ಪಾ, ಆ ಕಥಿ ತೆಗದವ್ರನ್ನ ಒಂದೀಟು ಕೇಳ್ರಿ. ನಮ್ಮ ಮನಿಯಾವ್ರು ನಿಂತಿದ್ದ ಓಣಿ ಯಾವುದಂತ."

"ಕೇಳಸ್ತೀನವ್ವಾ. ಅವ್ರ ಹೆಸರ ಹೇಳು."

ಗಂಡನ ಹೆಸರನ್ನು ನಾವು ಬಾಯಿಗೆ ತರುತ್ತೇವೆಯೇ? ಇಂಥ ಹೊತ್ತಿಗೆ ನನ್ನ ಪರವಾಗಿ ಹೇಳುವವಳು ರಾಚವ್ವ. ಅವಳು ಹೊಲಕ್ಕೆ ಹೋಗಿದ್ದಳು. ನಾನು ಹೊಲದ ದಾರಿಯತ್ತ ನೋಡಿದೆ.

"ಹೆಸರಿಲ್ಲದ ಮನಷ್ಯಾನ್ನ ಎಲ್ಲಿ ಹುಡಕೂದವ್ವಾ?" ಎಂದು ಅವನು ಗಾಡಿ ಹತ್ತಿದ.

ಜೀಪು ಬಬಲೇಶ್ವರದ ದಾರಿ ಹಿಡಿದ ಮೇಲೆ ನನ್ನ ಕಾಲುಗಳು ಓಡಿದವು, ಬಾಯಿ ತೆರೆಯಿತು. ಖಂಡಪ್ಪಾ, ಖಂಡಪ್ಪಾ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನಿಮ್ಮ ಹೆಸರು ಹೊಲದಲ್ಲಿದ್ದ ರಾಚವ್ವನಿಗೂ ಕೇಳಿತಂತೆ.

ಜೀಪಿನವನಿಗೆ ಕೇಳಲಿಲ್ಲ.