ಆ ದಿನ ಗಾಳಿ ಇರಲಿಲ್ಲ

ಮೈದಾನ ಉಸ್ತುವಾರಿ ಸಮಿತಿಯ ಅಧಿಕಾರಿಗಳಿಗೆ, ಊರವರೆಲ್ಲರ ಎದುರಿನಲ್ಲಿ.

ಮಾನ್ಯರೇ, ನನ್ನ ವಿಮಾನವನ್ನು ಕೆಡವಿದವರು ನೀವು, ನೋಟಿಸು ಬಂದದ್ದು ನನಗೆ. ‘ಅಪಾಯಕಾರಿ ಗಾಳಿಯಿದ್ದರೂ ಆಟಿಕೆ ವಿಮಾನ ಹಾರಿಸಿ ಸಾರ್ವಜನಿಕರ ಜೀವಕ್ಕೆ ಕುತ್ತು ತಂದಿದ್ದೀರಿ, ಗಾಳಿಯಿದ್ದುದನ್ನು ಸ್ವತಃ ಒಪ್ಪಿಕೊಂಡಿದ್ದೀರಿ’ ಎಂದು ಬರೆಸಿದ್ದೀರಿ. ವಿಮಾನ ಈಗ ನಿಮ್ಮ ಕಚೇರಿಯ ಕಪಾಟಿನಲ್ಲಿದೆ. ಮೈದಾನದಲ್ಲಿ ಇನ್ನು ಏನನ್ನೂ ಹಾರಿಸುವಂತಿಲ್ಲ. ಕೆಳಗೆ ನಿಮ್ಮ ದುಂಡನೆಯ ಸಹಿ.

ನನ್ನನ್ನು ಅರಿಯದವರಿಗೆ ಎರಡು ಮಾತು. ತೇರದಾಳದವಳು, ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ರೆಕ್ಕೆಯ ಚಿತ್ರ ಬರೆದು, ಮೇಲ್ಮುಖವಾಗಿ ಬಾಣ ಎಳೆದು, ಇದು ಎತ್ತುವ ಬಲ ಎನ್ನುತ್ತಿದ್ದೆ. ಆ ಬಲ ನನ್ನ ಕೈಗೆ ಒಮ್ಮೆಯೂ ಸಿಕ್ಕಿರಲಿಲ್ಲ. ನಿವೃತ್ತಿಯಾದ ಮೇಲೆ, ಮೊಳಕಾಲು ನೋಯುವ ವಯಸ್ಸಿನಲ್ಲಿ, ಹಗುರ ಫೋಮಿನ ರಿಮೋಟ್ ವಿಮಾನವೊಂದನ್ನು ತರಿಸಿದೆ. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು, ಆದರೂ ಲಾಗ ಹಾಕಬಲ್ಲದು. ರಿಮೋಟಿನಲ್ಲಿ ಒಂದು ಸ್ವಿಚ್ಚಿದೆ. ಅದು ಮೇಲಿದ್ದರೆ ನಾವು ಗಾಬರಿಯಾಗಿ ಕೈಬಿಟ್ಟರೂ ವಿಮಾನ ತಾನೇ ನೆಟ್ಟಗಾಗುತ್ತದೆ. ಕೆಳಗೆ ಒತ್ತಿದರೆ ಆ ಕರುಣೆಯಿಲ್ಲ, ಮಗುಚಿದರೆ ಮಗುಚಿಯೇ ಹೋಗುತ್ತದೆ. ಅದನ್ನು ಕೆಳಗೆ ಒತ್ತುವ ಧೈರ್ಯಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು. ಮೊದಲ ಲಾಗ ಸರಿಯಾಗಿ ಬಂದ ರವಿವಾರ ಮೈದಾನದ ನಡುವೆ ನಿಂತು ಅತ್ತಿದ್ದೇನೆ.

ನನ್ನ ಜೊತೆಗಾರ ಮಾಂತೇಶ ಬನಹಟ್ಟಿಯಲ್ಲಿ ಪಾವರ್‌ಲೂಮ್ ರಿಪೇರಿ ಮಾಡುವವನು. ಮೂಗು ಮುರಿದ ವಿಮಾನಕ್ಕೆ ಅಂಟು ಹಾಕುವುದು ಅವನ ಪಾಲಿನ ಕೆಲಸ. ಹಾರಿಸುವ ಮೊದಲು ಬಿದಿರಿನ ಕೋಲೊಂದನ್ನು ನೆಟ್ಟು ತುದಿಗೆ ಮಗ್ಗದ ಕೆಂಪು ಎಳೆ ಕಟ್ಟುತ್ತಾನೆ. ಎಳೆ ಅಡ್ಡಡ್ಡ ಎದ್ದಿತೋ, ಗಾಳಿ ಹೆಚ್ಚಿದೆ ಎಂದು ಚಹಾ ಕುಡಿದು ಮನೆಗೆ ಹೋಗುತ್ತೇವೆ.

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ಸ್ವಾತಂತ್ರ್ಯ ದಿನದ ತಾಲೀಮಿಗೆ ನಮ್ಮನ್ನು ಕರೆಸಿದವರೂ ನೀವೇ. ಎರಡು ಲಾಗ ತೋರಿಸಿ ಎಂದಿರಿ, ತೋರಿಸಿದೆ. ನಿಮ್ಮ ಸಿಬ್ಬಂದಿ ಚಪ್ಪಾಳೆ ತಟ್ಟಿದರು. ನಿಮ್ಮ ಕೈಯೂ ತುರಿಸಿತು. “ಅಕ್ಕೋರ, ಒಂದ್ಸಲ ನನ್ನ ಕೈಯಾಗ ಕೊಡ್ರಿ” ಎಂದಿರಿ. ಸ್ವಿಚ್ಚು ಮೇಲೆ ಮಾಡಿ ರಿಮೋಟು ಕೊಟ್ಟೆ. ಸ್ವಿಚ್ಚು ಮುಟ್ಟಬೇಡಿ ಎಂದು ಮಾಂತೇಶ ಎರಡು ಸಲ ಹೇಳಿದ. ಮಗ್ಗ ರಿಪೇರಿ ಮಾಡುವವನು ಹೇಳಿದ್ದನ್ನು ಅಧಿಕಾರಿಗಳು ಕೇಳುವುದುಂಟೇ? ಅದನ್ನು ಕೆಳಗೆ ಒತ್ತಲು ನನಗೆ ಎಂಟು ತಿಂಗಳು ಹಿಡಿದಿತ್ತು, ನಿಮಗೆ ಎಂಟು ಸೆಕೆಂಡು ಸಾಕಾಯಿತು. ವಿಮಾನ ಮಗುಚಿ, ಶಾಮಿಯಾನದ ಬಟ್ಟೆ ಹರಿದು, ಸಾಲಾಗಿ ಇಟ್ಟ ಕುರ್ಚಿಗಳ ಮೇಲೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಕುಳಿತಿರಲಿಲ್ಲ.

ಅಷ್ಟು ಜನರೆದುರು ನಿಮ್ಮ ಮುಖ ಸಪ್ಪಗಾದದ್ದು ನೋಡಿ ನನಗೆ ಕನಿಕರ ಬಂತು. ದೊಡ್ಡವರ ಮುಖ ಉಳಿಸುವುದು ನಮ್ಮ ಕಡೆಯವರ ಹಳೆಯ ಚಟ. ಯಾರೂ ಕೇಳುವ ಮೊದಲೇ “ಗಾಳಿ ಜೋರ ಆತ್ರಿ, ಸಾಹೇಬರದೇನೂ ತಪ್ಪಿಲ್ಲ” ಎಂದುಬಿಟ್ಟೆ. ನೀವು ಹತ್ತಿರ ಬಂದು ಮೆಲ್ಲಗೆ ಹೇಳಿದ್ದು ನೆನಪಿದೆಯೇ? “ಮರ್ಯಾದಿ ಉಳಿಸಿದ್ರಿ ಅಕ್ಕೋರ. ನಿಮ್ಮ ಮೈದಾನಕ್ಕ ಯಾರೂ ಅಡ್ಡ ಬರೂದಿಲ್ಲ, ನಾ ಅದೇನಿ.” ಹಿಂದಿರುಗುವ ದಾರಿಯಲ್ಲಿ ಮಾಂತೇಶ ಕೇಳಿದ: “ಎಳಿ ಅಲ್ಲಾಡಿದ್ದಿಲ್ಲ. ಯಾಕ ಹಂಗ ಅಂದ್ರಿ?”

ಶಾಮಿಯಾನದವರು ದೂರು ಕೊಟ್ಟರಂತೆ, ತಪ್ಪು ಯಾರದೆಂದು ನಿಮ್ಮ ಮೇಲಿನವರು ಕೇಳಿದರಂತೆ. ನಿಮ್ಮನ್ನು ಉಳಿಸಲು ನಾನು ಆಡಿದ ಸುಳ್ಳನ್ನೇ ನೀವು ನನ್ನ ವಿರುದ್ಧ ಸಾಕ್ಷಿ ಮಾಡಿದಿರಿ. ಗುರುತಿಲ್ಲದವರು ಹೀಗೆ ಮಾಡಿದ್ದರೆ ಸಿಟ್ಟು ಬಂದು ಹೋಗುತ್ತಿತ್ತು. ನೀವು ಮಾಡಿದ್ದು ಒಳಗೆ ನಾಟಿದೆ. ಇರಲಿ, ನೋಟಿಸಿಗೆ ನೀವೇ ಲಗತ್ತಿಸಿದ ಫೋಟೋವನ್ನಾದರೂ ನೋಡಿದ್ದೀರಾ? ಮುರಿದ ರೆಕ್ಕೆ, ಕುರ್ಚಿಗಳು, ಹಿಂದೆ ನಮ್ಮ ಬಿದಿರು ಕೋಲು. ತುದಿಯ ಕೆಂಪು ಎಳೆ ನೆಟ್ಟಗೆ ಕೆಳಗೆ ಇಳಿಬಿದ್ದಿದೆ. ಯಾವ ಗಾಳಿ, ಮಾನ್ಯರೇ? ಎಂಟನೆಯ ಇಯತ್ತೆಯ ಮಕ್ಕಳೂ ಆ ಫೋಟೋ ನೋಡಿ ಉತ್ತರ ಬರೆಯಬಲ್ಲರು.

ನಮ್ಮ ಜೈನರಲ್ಲಿ ಈಗ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಧರ್ಮ. ಮೊದಲನೆಯದು ಉತ್ತಮ ಕ್ಷಮೆ. ಅಂದು ನಿಮ್ಮನ್ನು ಕ್ಷಮಿಸಲೆಂದು ಪ್ರಾಮಾಣಿಕವಾಗಿ ಕುಳಿತೆ, ಆಗಲಿಲ್ಲ. ಇವತ್ತು ಉತ್ತಮ ಸತ್ಯದ ದಿನ, ಇದು ನನ್ನ ಕೈಲಾದೀತು. ಆ ದಿನ ಗಾಳಿ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಕಂಡದ್ದನ್ನೇ ಬರೆಯಿರಿ ಎಂದು ಸಾವಿರಾರು ಮಕ್ಕಳಿಗೆ ಹೇಳಿದವಳು ಕಾಣದ್ದನ್ನು ಹೇಳಿದೆ. ಊರವರು ಮನ್ನಿಸಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ನೋಟಿಸು ಹಿಂದಕ್ಕೆ ಪಡೆಯಿರಿ. ಮುರಿದ ವಿಮಾನವನ್ನು ಮುರಿದ ಹಾಗೆಯೇ ಕೊಡಿ, ಅಂಟು ಮಾಂತೇಶನಲ್ಲಿದೆ. ರವಿವಾರದ ಮೈದಾನ ಬಿಟ್ಟುಕೊಡಿ, ಇಲ್ಲವಾದರೆ ನನಗೆ ಉಳಿಯುವುದು ಮತ್ತದೇ ಬಾಣದ ಚಿತ್ರ. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ನಾವು ಮನೆಮನೆಗೆ ಹೋಗಿ ತಪ್ಪಾಯಿತೆಂದು ಕೈಮುಗಿಯುತ್ತೇವೆ. ನಿಮ್ಮ ಮನೆಗೂ ಬರುತ್ತೇನೆ. ನಿಮಗಾಗಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಬಾಗಿಲಲ್ಲೇ ನಿಂತು ಕ್ಷಮೆ ಕೇಳುತ್ತೇನೆ. ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ. ಆಗ ಮಾತಾಡುವ ಸರದಿ ನಿಮ್ಮದು.

ಇಂತಿ,
ಇಲ್ಲದ ಗಾಳಿಗೆ ಸಾಕ್ಷಿ ಹೇಳಿ ಕೆಟ್ಟ
ರಾಜಮತಿ
ನಿವೃತ್ತ ವಿಜ್ಞಾನ ಶಿಕ್ಷಕಿ, ತೇರದಾಳ