ಗುಂಡಿ ಹಾಕದ ಅಂಗಿ

ಪ್ರೀತಿಯ ಅಕ್ಕ,

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನಗೆ ಸಿಸೇರಿಯನ್. ಮಗು ಅಡ್ಡ ಮಲಗಿದೆಯಂತೆ. "ಹೆದರ್ಬೇಡಮ್ಮ, ಅರ್ಧ ಗಂಟೆ ಕೆಲಸ ಅಷ್ಟೇ," ಅಂದರು ಡಾಕ್ಟರು. ಬಟ್ಟೆ ಹೊಲಿಸಲು ಬಂದವರಿಗೆ ನಾನೂ ಹಾಗೇ ಹೇಳಿ ಕಳಿಸುತ್ತೇನಲ್ಲ, ಅದಕ್ಕೇ ನಂಬಿಕೆ ಬರಲಿಲ್ಲ. ಹನ್ನೊಂದು ವರ್ಷ ಕತ್ತರಿ ಹಿಡಿದವಳಿಗೆ ಈಗ ಕತ್ತರಿ ಎಂದರೆ ಭಯ.

ಹೊಲಿಗೆ ಯಂತ್ರದ ಕೆಳಗಿನ ಪೆಟ್ಟಿಗೆಯಲ್ಲಿ ಮಗುವಿನ ಬಟ್ಟೆಗಳಿವೆ. ವರ್ಷಕ್ಕೊಂದರಂತೆ ಐದು ವರ್ಷದವರೆಗೆ ಹೊಲಿದಿಟ್ಟಿದ್ದೇನೆ. ಕೈ ಖಾಲಿಯಿತ್ತು, ಹೊಲಿದೆ, ಅಷ್ಟೇ. ನಮ್ಮವರಿಗೆ ತೋರಿಸಬೇಡ, ಗಾಬರಿಯಾಗುತ್ತಾರೆ. ಮಗು ದಪ್ಪಗಿದ್ದರೆ ಬಿಚ್ಚಿ ಸಡಿಲ ಮಾಡು, ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟಿದ್ದೇನೆ.

ನನ್ನನ್ನು ಹೆತ್ತ ದಿನವೇ ಅಮ್ಮ ಹೋದದ್ದು ಹೇಗೆಂದು ನಾನು ಯಾವತ್ತೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಹತ್ತು ವರ್ಷದ ಹುಡುಗಿ ನೀನು, ನನ್ನನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದೆ. ಇನ್ನೊಂದು ಸಲ ನಿನಗೇ ಆ ಕೆಲಸ ಹೇಳಲು ನಾಚಿಕೆಯಾಗುತ್ತದೆ.

ಐದನೇ ವರ್ಷದ ಅಂಗಿಗೆ ಮಾತ್ರ ಗುಂಡಿ ಹಾಕಿಲ್ಲ. ಗುಂಡಿಗಳು ಅದರ ಜೇಬಿನಲ್ಲೇ ಇವೆ. ನೀನು ಹಾಕಬೇಡ. ನನ್ನ ಹೊಲಿಗೆ ಬಿಚ್ಚಿದ ಮೇಲೆ ನಾನೇ ಬಂದು ಹಾಕುತ್ತೇನೆ.

ನಿನ್ನ
ಪುಟ್ಟಿ